ನಾಲ್ಕನೆಯ ಬುರುಡೆಯ ಆಚೆ

ದೆವ್ವ, ಭೂತದ ಮಾತು ಬಂದರೆ ಎದ್ದು ಹೋಗುವವನು ನಾನು. ಅಳತೆಗೆ ಸಿಕ್ಕಿದ್ದಷ್ಟೇ ನಿಜ ಎಂದುಕೊಂಡು ಅರ್ಧ ಆಯುಷ್ಯ ಕಳೆದೆ. ಈಗ ಹೇಳಲಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ಮುಖದ ಮೇಲೇ ನಕ್ಕುಬಿಡುತ್ತಿದ್ದೆ. ನೀವು ನಕ್ಕರೂ ನನಗೆ ಬೇಸರವಿಲ್ಲ.

ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದು ನಾಲ್ಕೈದು ವರ್ಷವಾಗಿತ್ತು. ಕಾರವಾರದ ಒಬ್ಬ ಗುತ್ತಿಗೆದಾರರಲ್ಲಿ ನಾನು ಸರ್ವೇಯರ್ ಆಗಿದ್ದೆ. ಅಂಕೋಲೆ ಪಕ್ಕದ ಬೊಬ್ರುವಾಡದ ಎದುರಿನ ಕಡಲಲ್ಲಿ, ಮಚವೆ ಎನ್ನುವ ಸರಕಿನ ಹಾಯಿದೋಣಿಗಳು ಬಂದು ನಿಲ್ಲುವಂತೆ, ಕಡಲೊಳಕ್ಕೆ ಚಾಚಿದ ಒಂದು ಧಕ್ಕೆ ಕಟ್ಟುವ ಯೋಚನೆಯಿತ್ತು. ಕಂಬ ಹೂಳುವ ಮೊದಲು ನೀರಿನ ಆಳವೆಷ್ಟು, ತಳದಲ್ಲಿರುವುದು ಮರಳೋ ಕೆಸರೋ ಕಲ್ಲೋ ಎಂದು ನೋಡಿ ನಕ್ಷೆ ಮಾಡುವುದು ನನ್ನ ಕೆಲಸ. ಹಗ್ಗಕ್ಕೆ ಸೀಸದ ಗುಂಡು ಕಟ್ಟಿ, ಅದರ ಅಡಿಗೆ ಕೊಬ್ಬು ಮೆತ್ತಿ ಇಳಿಬಿಡುತ್ತಿದ್ದೆವು. ತಳದಲ್ಲಿದ್ದದ್ದು ಕೊಬ್ಬಿಗೆ ಅಂಟಿಕೊಂಡು ಮೇಲೆ ಬರುತ್ತಿತ್ತು.

ಗುಂಡು ಇಳಿಸುತ್ತಿದ್ದವನು ಪುರ್ಸು. ಅದೇ ಊರಿನ ಮೀನುಗಾರ, ಐವತ್ತು ದಾಟಿದವನು. ಹಗ್ಗ ಹಿಡಿದ ಬೆರಳಿನಲ್ಲೇ ತಳ ಎಂಥದೆಂದು ಹೇಳಿಬಿಡುತ್ತಿದ್ದ. ಅವನ ತಂಗಿಯ ಮಗ ಬೀರ ನನ್ನ ದೋಣಿ ನಡೆಸುತ್ತಿದ್ದ. ಬೀರನಿಗೂ ಆಗಲೇ ಎರಡು ಮಕ್ಕಳು.

ದಡದಿಂದ ಕಡಲಿನತ್ತ ಉದ್ದಕ್ಕೆ ಒಂದು ಹಗ್ಗ ಎಳೆದು, ಅದಕ್ಕೆ ಹನ್ನೊಂದು ಕಡೆ ಒಣಗಿದ ಸೋರೆ ಬುರುಡೆ ಕಟ್ಟಿ ತೇಲಿಸಿದ್ದೆವು. ಮೊದಲ ಬುರುಡೆಯ ಹತ್ತಿರ ನನ್ನ ದೋಣಿ ಲಂಗರು ಹಾಕಿ ನಿಲ್ಲುತ್ತಿತ್ತು. ಪುರ್ಸು ಸಣ್ಣ ಪಾತಿ ದೋಣಿಯಲ್ಲಿ ಒಬ್ಬನೇ ಆ ಬುರುಡೆಯ ಹಗ್ಗ ಹಿಡಿದು ಮುಂದೆ ಹೋಗುತ್ತ, ಒಂದೊಂದು ಬುರುಡೆಯ ಬಳಿ ಗುಂಡು ಇಳಿಸಿ ಕೂಗಬೇಕು. ನಾನು ಬರೆದುಕೊಂಡು 'ಹೂಂ, ಬರೆದೆ' ಎಂದು ತಿರುಗಿ ಕೂಗಬೇಕು.

ಆ ದಿನ ಬೆಳಿಗ್ಗೆ ಕಡಲ ಮೇಲೆ ದಟ್ಟ ಮಂಜು. ಮೂರನೆಯ ಬುರುಡೆಯೇ ಕಾಣುತ್ತಿರಲಿಲ್ಲ. ನಕ್ಷೆ ಸಂಜೆಯೊಳಗೆ ಕಾರವಾರಕ್ಕೆ ಮುಟ್ಟಬೇಕೆಂದು ಇಂಜಿನಿಯರ್ ಸಾಹೇಬರ ಚೀಟಿ ಬಂದಿತ್ತು. ಪುರ್ಸು ಆಕಾಶ ನೋಡಿ, "ಬಿಸಿಲು ಏರಲಿ ವಡೆಯಾ. ಈಗ ಬೇಡ್ರಾ," ಅಂದ. ನಾನು ಕೇಳಲಿಲ್ಲ. ಹಗ್ಗ ಹಿಡಿದು ಹೋಗುವವನಿಗೆ ಮಂಜಿನ ಭಯವೇನು ಎಂದು ಗದರಿದೆ. ಅವನು ಪಾತಿ ದೋಣಿ ಹತ್ತಿ ಹೋದ.

"ಎರಡು ಮಾರು, ಮರಳು." ನಾನು ಬರೆದೆ. ನಾಲ್ಕನೆಯ ಬುರುಡೆಯವರೆಗೂ ಮರಳೇ. ಐದರಲ್ಲಿ, "ಎರಡೂವರೆ, ಕೆಸರು." ಆರರಲ್ಲೂ ಕೆಸರು. ಏಳರಲ್ಲಿ, "ಮೂರು ಮಾರಿಗೆ ಕೆಸರು. ಗುಂಡು ನಿಲ್ಲುದಿಲ್ಲ, ಅದ್ರೊಳಗೆ ಇಳೀತಾನೇ ಹೋಗ್ತದೆ." ಅಲ್ಲಿಂದ ಹನ್ನೊಂದರವರೆಗೆ ಅದೇ ಮಾತು, ಆಳ ಮಾತ್ರ ಹೆಚ್ಚುತ್ತ ಹೋಯಿತು. ಪ್ರತಿ ಸಲವೂ ನಾನು 'ಹೂಂ, ಬರೆದೆ' ಎಂದು ಕೂಗಿದೆ. ನನ್ನ ಬೆನ್ನ ಹಿಂದೆ ಬೀರ ದೋಣಿಯೊಳಗಿನ ನೀರನ್ನು ಕರಟದಿಂದ ಎತ್ತಿ ಹೊರಗೆ ಚೆಲ್ಲುತ್ತಿದ್ದ. ದೂರ ಹೋದ ಹಾಗೆ ಪುರ್ಸುವಿನ ದನಿ ಸಣ್ಣದಾಗಬೇಕಿತ್ತು. ಆಗಿರಲಿಲ್ಲ. ಆ ಹೊತ್ತಿಗೆ ಅದು ನನ್ನ ತಲೆಗೆ ಹೊಳೆಯಲಿಲ್ಲ.

ಹನ್ನೊಂದು ಮುಗಿದ ಮೇಲೆ ಹಿಂದೆ ಬಾ ಎಂದು ಕೂಗಿದೆ. ಉತ್ತರವಿಲ್ಲ. ಅಷ್ಟರಲ್ಲಿ ಮಂಜು ಹರಿಯತೊಡಗಿತ್ತು. ನಾಲ್ಕನೆಯ ಬುರುಡೆಯ ಹತ್ತಿರ ಪಾತಿ ದೋಣಿ ಮಗುಚಿಕೊಂಡು ತೇಲುತ್ತಿತ್ತು. ಬೀರ ನೀರಿಗೆ ಹಾರಿದ. ಗುಂಡಿನ ಹಗ್ಗ ಬುರುಡೆಯ ಕಟ್ಟಿಗೆ ತೊಡರಿಕೊಂಡು, ಪುರ್ಸುವಿನ ಮುಂಗೈಗೆ ಮೂರು ಸುತ್ತು ಬಿಗಿದಿತ್ತು. ಅವನು ಅಲ್ಲೇ ಕೆಳಗಿದ್ದ. ಹೆಣ ಆಗಲೇ ತಣ್ಣಗಾಗಿತ್ತು.

ಮುಂದಕ್ಕೆ ಹೋಗಿ ಹಿಂದಿರುಗುವಾಗ ಬಿದ್ದಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಹನ್ನೊಂದನೆಯ ಕೂಗಿಗೂ ಮಂಜು ಹರಿದದ್ದಕ್ಕೂ ನಡುವೆ ಒಂದು ಬೀಡಿ ಸೇದುವಷ್ಟೂ ಹೊತ್ತಿರಲಿಲ್ಲ. ಮೇಲಾಗಿ ಇಳಿತದ ಹೊತ್ತು, ನೀರು ಹೊರಕ್ಕೆ ಎಳೆಯುತ್ತಿತ್ತು. ತೇಲಿ ದಡದ ಕಡೆಗೆ ಬರುವ ಹಾಗಿರಲಿಲ್ಲ.

ಮರುದಿನ ಇಂಜಿನಿಯರ್ ಸಾಹೇಬರು ಪುಸ್ತಕ ನೋಡಿದರು. ನಾಲ್ಕರಲ್ಲಿ ಮುಳುಗಿದವನು ಹನ್ನೊಂದರ ಆಳ ಹೇಳಿದನೇ ಎಂದು ಕೇಳಿದರು. ಕೇಳಿಸಿತು ಎಂದೆ. ಗಾಬರಿಯಲ್ಲಿ ಏನೋ ಬರೆದಿದ್ದೀರಿ, ಆ ಏಳು ಸಾಲು ಹೊಡೆದುಹಾಕಿ, ಹಳೆಯ ನಕ್ಷೆಯಲ್ಲಿ ಗಟ್ಟಿ ಮರಳೆಂದಿದೆ, ಅದನ್ನೇ ಹಾಕಿ ಎಂದರು. ಇನ್ನೊಮ್ಮೆ ಅಳೆಯೋಣ ಎನ್ನಬೇಕಿತ್ತು. ಅನ್ನಲಿಲ್ಲ. ಆ ನೀರಿಗೆ ಮತ್ತೆ ಇಳಿಯಲು ನನಗೆ ಹೆದರಿಕೆಯಿತ್ತು. ಗೆರೆ ಎಳೆದೆ, ನಕ್ಷೆಗೆ ರುಜು ಹಾಕಿದೆ.

ಮಳೆಗಾಲ ಕಳೆದು ಕಂಬ ಹೂಳತೊಡಗಿದರು. ಆರನೆಯ ಬುರುಡೆ ಇದ್ದ ಜಾಗದವರೆಗೂ ಹೇಗೋ ನಿಂತವು. ಏಳರಲ್ಲಿ ಮೂರನೆಯ ಪೆಟ್ಟು ಬೀಳುತ್ತಲೇ ಕಂಬ ತಾನಾಗಿ ಕೆಳಗಿಳಿಯಿತು. ಅದಕ್ಕೆ ಬಿಗಿದಿದ್ದ ಅಟ್ಟಣಿಗೆಯೂ ವಾಲಿಕೊಂಡು ಹೋಯಿತು. ಹಣಕೋಣದಿಂದ ಕೂಲಿಗೆ ಬಂದಿದ್ದ ಇಬ್ಬರು ಅದರಡಿ ಸಿಕ್ಕಿ ಸತ್ತರು. ಒಬ್ಬನ ಹೆಣ ಸಿಗಲೇ ಇಲ್ಲ.

ಆಮೇಲೆ ಅಳೆಯಲು ನನ್ನನ್ನೇ ಕಳಿಸಿದರು. ಬೇರೆ ಯಾರೂ ಒಪ್ಪದ್ದರಿಂದ ಬೀರನೇ ದೋಣಿ ತಂದ. ಈ ಸಲ ಗುಂಡನ್ನು ನಾನೇ ಇಳಿಸಿದೆ. ಅವತ್ತಿನಂತೆಯೇ ಇಳಿತದ ಹೊತ್ತು; ಬಿಸಿಲು ಚುರುಗುಡುತ್ತಿತ್ತು, ಕಡಲು ತಟ್ಟೆಯ ಹಾಗೆ ಬಿದ್ದಿತ್ತು. ಐದರಿಂದ ಹನ್ನೊಂದರವರೆಗೆ ನಾನು ಗೆರೆ ಎಳೆದಿದ್ದ ಏಳೂ ಸಾಲು ತಾಳೆಯಾದವು, ಒಂದು ಗೇಣಿನ ವ್ಯತ್ಯಾಸವೂ ಇಲ್ಲದೆ.

ಗುಂಡನ್ನು ಮೇಲೆಳೆದು ದೋಣಿಯಲ್ಲಿಟ್ಟೆ. ಬೀರನಿಗೆ ಪುಸ್ತಕ ತೋರಿಸಿ, ಅವತ್ತು ಮಾಮನ ದನಿ ನೀನೂ ಕೇಳಿದ್ದೆಯಲ್ಲ ಎಂದೆ. ಅವನು ಹುಟ್ಟನ್ನು ದೋಣಿಯೊಳಗೆ ಎಳೆದಿಟ್ಟ.

"ನಾಕು ಆದ್ಮೇಲೆ ನಂಗೆ ಏನೂ ಕೇಳ್ಲಿಲ್ರಾ. ನೀವು 'ಹೂಂ, ಬರೆದೆ' ಹೇಳಿ ಕೂಗ್ತಾ ಇದ್ರಿ. ನಾ ನೀರು ಚೆಲ್ತಾ ಇದ್ನಲ್ಲ, ಅದ್ಕೇ ನಂಗೆ ಕೇಳುದಿಲ್ಲ, ನಿಮ್ಗೆ ಕೇಳ್ತದೆ ಹೇಳಿ ಸುಮ್ನೆ ಕೂತೆ. ನೀವು ಒಂದು ಸಲ ಸುಮ್ನಾಗಿದ್ರೂ ನಾ ಹಾರ್ತಿದ್ದೆ."

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಹೇಳಿ ಮುಗಿಸಿ ದೋಣಿಯನ್ನು ದಡಕ್ಕೆ ತಿರುಗಿಸಿದ.

ಆ ದನಿ ನನ್ನ ಭ್ರಮೆಯಾದರೆ ಏಳು ಅಳತೆ ಎಲ್ಲಿಂದ ಬಂತು? ಪುರ್ಸುವಿನದೇ ಆದರೆ, ಮುಂದೆ ಸಾಯಲಿದ್ದವರಿಗಾಗಿ ಅಷ್ಟೆಲ್ಲ ಕೂಗಿದವನು ನೀರಿನಡಿ ಇದ್ದ ತನಗಾಗಿ ಒಂದು ಸಲವೂ ಏಕೆ ಕೂಗಲಿಲ್ಲ? ಅಥವಾ ಕೂಗಿದ್ದು ಅವನೂ ಅಲ್ಲವೋ? ಇಷ್ಟು ವರ್ಷವಾದರೂ ನನಗೆ ತಿಳಿದಿಲ್ಲ.