ಅಪ್ಪನ ಲಾರಿಗೆ ಬಂದ ಹೊಸ ಕಾರ್ಡು

ಆಗೆಲ್ಲ ಮನೆಯಲ್ಲಿ ಕಂಪ್ಯೂಟರಿಗೆ ದೇವರ ಗೂಡಿನ ನಂತರದ ಸ್ಥಾನ. ಚಂದ್ರಾ ಲೇಔಟಿನ ನಮ್ಮ ಬಾಡಿಗೆ ಮನೆಯಲ್ಲಿ ಅದು ನಡುಮನೆಯ ಮೂಲೆಯಲ್ಲಿತ್ತು. ಮಾನಿಟರಿನ ಮೇಲೆ ಅಮ್ಮ ಕಸೂತಿ ಹಾಕಿದ ಬಟ್ಟೆ, ಕೀಬೋರ್ಡಿಗೆ ಪ್ಲಾಸ್ಟಿಕ್ಕಿನ ಹೊದಿಕೆ. ಆಯುಧಪೂಜೆಯ ದಿನ ಅಪ್ಪನ ಸೈಕಲ್ಲಿಗೂ ಅಮ್ಮನ ಹೊಲಿಗೆ ಮೆಷಿನ್ನಿಗೂ ಇಟ್ಟ ಹಾಗೆ ಅದಕ್ಕೂ ಅರಿಶಿನ, ಕುಂಕುಮ, ಎರಡು ಸೇವಂತಿಗೆ. ನಮ್ಮ ವಯಸ್ಸಿನವರಿಗೆ ಆ ವಾಸನೆ ನೆನಪಿರಬಹುದು: ಮಧ್ಯಾಹ್ನದ ಬಿಸಿಲಿಗೆ ಕಾದ ಧೂಳು, ಬೆಚ್ಚಗಾದ ಪ್ಲಾಸ್ಟಿಕ್ಕು, ಅದರ ಮೇಲೆ ಅಡುಗೆಮನೆಯಿಂದ ಹಾದು ಬರುವ ಸಾರಿನ ಒಗ್ಗರಣೆ.

ನಾನು ಏಳನೇ ಕ್ಲಾಸು ಮುಗಿಸಿದ್ದ ಬೇಸಿಗೆ ಅದು. ಅಣ್ಣ ಮಂಜುವಿನ ಓದಿಗೆ ಅಂತ ಅಸೆಂಬಲ್ ಮಾಡಿಸಿದ್ದ ಆ ಕಂಪ್ಯೂಟರಿಗೆ ಆಗಲೇ ವಯಸ್ಸಾಗಿತ್ತು. ಸ್ವಿಚ್ಚು ಹಾಕಿ, ಹೋಗಿ ಕಾಫಿ ಕುಡಿದು ಬಂದರೂ ಇನ್ನೂ ಎದ್ದಿರುತ್ತಿರಲಿಲ್ಲ. ಓದಿಗಿಂತ ಅದು ಆಟಕ್ಕೇ ಹೆಚ್ಚು ಬಳಕೆಯಾಗುತ್ತಿತ್ತು ಎನ್ನುವುದು ಅಮ್ಮನಿಗೂ ಗೊತ್ತಿತ್ತು.

ಅಪ್ಪ ಸಿಟಿ ಬಸ್ಸಿನ ಡ್ರೈವರ್. ಆ ವರ್ಷ ಹಾಗೆ ಹೇಳಿಕೊಳ್ಳುವುದು ಕಷ್ಟವಾಗಿತ್ತು. ವರ್ಷಗಟ್ಟಲೆ ಎಂಜಿನ್ನಿನ ಪಕ್ಕ ಕೂತು ಅವರ ಬೆನ್ನುಮೂಳೆ ಸವೆದಿತ್ತು. ಇನ್ನು ಸ್ಟೇರಿಂಗ್ ಮುಟ್ಟಬೇಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಡಿಪೋದಲ್ಲಿ ಕುರ್ಚಿಯ ಮೇಲೆ ಕೂರುವ ಕೆಲಸ ಸಿಕ್ಕಿತು. ಹೊಸದಾಗಿ ಸೇರಿದ ಡ್ರೈವರುಗಳ ಪಕ್ಕ ಕೂತು ದಾರಿ ಹೇಳಿಕೊಡಿ ಎಂದು ಮೇಲಿನವರು ಕೇಳಿದಾಗ ಅಪ್ಪ ಒಪ್ಪಲಿಲ್ಲ.

"ಇನ್ನೊಬ್ಬ ಓಡ್ಸೋದನ್ನ ಪಕ್ಕದಲ್ಲಿ ಕೂತ್ಕೊಂಡು ನೋಡ್ಬೇಕಾ? ಅದೊಂದು ಆಗಲ್ಲ ನನ್ ಕೈಲಿ" ಎಂದು ಅಮ್ಮನ ಹತ್ತಿರ ಹೇಳಿದ್ದು ನನಗೆ ಕೇಳಿಸಿತ್ತು.

ಅಂದಿನಿಂದ ಅಪ್ಪ ಬಸ್ಸು ಹತ್ತುವುದನ್ನೇ ಬಿಟ್ಟರು. ಪಕ್ಕದ ಮಾರೇನಹಳ್ಳಿಗೆ ನಡೆದೇ ಹೋಗುತ್ತಿದ್ದರು. ದೂರವಾದರೆ ಆಟೋ, ಇಲ್ಲದಿದ್ದರೆ ಹೋಗುವುದೇ ಬೇಡ. ಡ್ಯೂಟಿ ಮುಗಿಸಿ ಬಂದರೆ ಚಾಪೆಯ ಮೇಲೆ ಅಂಗಾತ ಮಲಗಿ ಫ್ಯಾನು ನೋಡುತ್ತಿದ್ದರು. ಮೊದಲೆಲ್ಲ ಊಟಕ್ಕೆ ಕೂತರೆ ದಿನದ ಕಥೆಗಳೇ ಊಟಕ್ಕಿಂತ ಜಾಸ್ತಿ. ಚಿಲ್ಲರೆಗೆ ಜಗಳವಾಡಿದ ಅಜ್ಜಿ, ಕೋಳಿ ಹಿಡಿದು ಹತ್ತಿದವನು, ಎಲ್ಲರೂ ಬರುತ್ತಿದ್ದರು. ಈಗ ತಟ್ಟೆಯ ಸದ್ದು ಮಾತ್ರ.

ಒಂದು ಸಂಜೆ ಮಂಜು ಯಾರದೋ ಹತ್ತಿರ ಸೀಡಿ ತಂದು ಲಾರಿ ಓಡಿಸುವ ಆಟ ಹಾಕಿದ. ನಾನು ಉಪ್ಪು ಖಾರ ಹಚ್ಚಿದ ಮಾವಿನಕಾಯಿ ಚೀಪುತ್ತಾ ಪಕ್ಕದಲ್ಲಿ ಕೂತಿದ್ದೆ. ಅವನು ಲಾರಿಯನ್ನು ತಿರುವಿನಲ್ಲಿ ಪೂರ್ತಿ ಜೋರಿನಲ್ಲಿ ನುಗ್ಗಿಸಿ, ಬೇಲಿ ಮುರಿದು, ಹಳ್ಳಕ್ಕೆ ಬೀಳಿಸಿ ನಗುತ್ತಿದ್ದ. ಮತ್ತೆ ಎಬ್ಬಿಸುವುದು, ಮತ್ತೆ ಬೀಳಿಸುವುದು.

"ಲೋ, ತಿರುವಿಗೆ ಮುಂಚೇನೇ ನಿಧಾನ ಮಾಡ್ಬೇಕು ಕಣೋ. ತಿರುವಿನೊಳಗೆ ಹೋಗಿ ಬ್ರೇಕ್ ಹಾಕ್ತಾರಾ ಯಾರಾದ್ರೂ?"

ಚಾಪೆಯ ಮೇಲಿಂದ ಬಂದ ಮಾತು. ಅಪ್ಪ ಮೊಣಕೈ ಊರಿ ತಲೆ ಎತ್ತಿದ್ದರು.

"ಆಟ ಅಲ್ವಾ ಅಪ್ಪಾ" ಎಂದ ಮಂಜು.

"ಆಟ ಆದ್ರೇನು, ಲೋಡ್ ಇಲ್ವಾ ಅದರಲ್ಲಿ?"

"ಹಂಗಾದ್ರೆ ನೀವೇ ಓಡ್ಸಿ."

ಮಂಜು ತಮಾಷೆಗೆ ಅಂದಿದ್ದ. ಅಪ್ಪ ನಿಜವಾಗಿಯೂ ಎದ್ದು ಬಂದರು. ಬೆನ್ನಿಗೆ ದಿಂಬು ಕೊಟ್ಟುಕೊಂಡು, ಯಾವ ಗುಂಡಿ ಯಾವುದಕ್ಕೆ ಎಂದು ಕೇಳಿಕೊಂಡು ಹೊರಟರು. ಮೊದಲ ಸಿಗ್ನಲ್ಲಿನಲ್ಲಿ ಕೆಂಪು ದೀಪ ಕಂಡು ಗಾಡಿ ನಿಲ್ಲಿಸಿಬಿಟ್ಟರು. ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ಆ ಆಟದಲ್ಲಿ ಸಿಗ್ನಲ್ಲಿಗೆ ನಿಂತವರು ಜಗತ್ತಿನಲ್ಲೇ ಅಪ್ಪ ಒಬ್ಬರೇ ಇರಬೇಕು. ಅವರು ಕೇಳಿಸಿಕೊಳ್ಳಲಿಲ್ಲ. ಹಸಿರು ಬಂದ ಮೇಲೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕತ್ತು ತಿರುಗಿಸಿ ನೋಡಿ ಮುಂದೆ ಹೋದರು.

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು.

ಅದಾದ ಮೇಲೆ ಪ್ರತಿ ಸಂಜೆ ಅಪ್ಪ ಲಾರಿ ತೆಗೆಯುತ್ತಿದ್ದರು. ಆದರೆ ನಮ್ಮ ಕಂಪ್ಯೂಟರಿಗೆ ಆ ಆಟ ಹೊರಲಾರದ ಭಾರ. ಊರೊಳಗೆ ಬಂದರೆ ಚಿತ್ರ ತಡವರಿಸುತ್ತಿತ್ತು. ಗುಂಡಿ ಒತ್ತಿ ಒಂದಿಷ್ಟು ಹೊತ್ತಾದ ಮೇಲೆ ಲಾರಿ ತಿರುಗುವುದು, ಅಷ್ಟರಲ್ಲಿ ಗೋಡೆ ಬಂದಿರುತ್ತಿತ್ತು. ಮಂಜುಗೆ ಗುದ್ದಿದರೆ ನಗು. ಅಪ್ಪನಿಗೆ ಹಾಗಲ್ಲ. ಒಂದು ದಿನ ರಸ್ತೆ ದಾಟುತ್ತಿದ್ದ ಕಾರೊಂದಕ್ಕೆ ಲಾರಿ ಗುದ್ದಿದಾಗ ಅವರ ಮುಖ ಬಿಳಿಚಿಕೊಂಡಿತು. ಕುರ್ಚಿ ಹಿಂದಕ್ಕೆ ಸರಿಸಿ ಎದ್ದರು.

"ಬೇಡ ಕಣೋ. ಸರ್ವಿಸ್‌ನಲ್ಲಿ ಒಂದ್ ಸಲಾನೂ ಯಾರಿಗೂ ತಗುಲಿಸಿಲ್ಲ ನಾನು. ಇಲ್ಯಾಕೆ ಅದು?"

ಮತ್ತೆ ಚಾಪೆ, ಮತ್ತೆ ಫ್ಯಾನು.

ನಮ್ಮ ಮೇಲಿನ ರೂಮಿನಲ್ಲಿ ಬಾಗಲಕೋಟೆ ಕಡೆಯ ಬಸವರಾಜಣ್ಣ ಇದ್ದ. ಡಿಪ್ಲೊಮಾ ಓದುತ್ತಿದ್ದ. ಅಮ್ಮ ಕೊಟ್ಟ ಸಾರಿನ ಪಾತ್ರೆ ವಾಪಸ್ಸು ಕೊಡಲು ಬಂದವನು ಕಂಪ್ಯೂಟರಿನ ಗೋಳು ಕೇಳಿದ.

"ಗ್ರಾಫಿಕ್ಸ್ ಕಾರ್ಡ್ ಬೇಕ್ರೀ ಇದಕ್ಕ. ಈಗ ಲೆಕ್ಕಾನೂ ಅದ ಮಾಡಬೇಕು, ಚಿತ್ರಾನೂ ಅದ ಬರೀಬೇಕು. ಎಷ್ಟಂತ ಮಾಡ್ತೈತಿ ಪಾಪ? ಚಿತ್ರದ ಕೆಲಸಕ್ಕ ಬ್ಯಾರೆ ಒಂದು ಕಾರ್ಡ್ ಹಾಕಿದ್ರ ನೀರ್ ಹರದಂಗ ಓಡತೈತಿ."

ಕಂಪ್ಯೂಟರ್ ಆಟ ಕಂಡರಾಗದ ಅಮ್ಮನೇ ಮೊದಲು ಮಾತಾಡಿದಳು. "ಏನ್ ಬೇಕೋ ತಂದು ಹಾಕ್ಸೋ ಮಂಜು."

"ಸುಮ್ನೆ ಯಾಕೆ ಖರ್ಚು? ಆಟಕ್ಕೆ" ಎಂದರು ಅಪ್ಪ ಚಾಪೆಯಿಂದ.

"ನೀವು ಸುಮ್ನಿರಿ" ಎಂದಳು ಅಮ್ಮ.

ಮಂಜು ಕಂಪ್ಯೂಟರ್ ಸಾಮಾನಿನ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಹೋಗಿ ಕಾರ್ಡು ತಂದ. ಡಬ್ಬದ ಮೇಲೆ ಬೆಂಕಿ ಉಗುಳುವ ಯಾವುದೋ ಪ್ರಾಣಿ. ಬಸವರಾಜಣ್ಣ ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿದಾಗ ಒಳಗೆ ಹಾಸಿಗೆಯ ಹತ್ತಿಯಂತೆ ಧೂಳು ತುಂಬಿತ್ತು. ಅಮ್ಮ ರಂಗೋಲಿ ಡಬ್ಬಿ ಒರೆಸುವ ಬ್ರಷ್ಷು ಕೊಟ್ಟಳು. ನಾನೇ ಅದರಲ್ಲಿ ಧೂಳು ಗುಡಿಸಿದೆ, ಸೀನಿದೆ, ಬೈಸಿಕೊಂಡೆ. ಎಲ್ಲ ಆದ ಮೇಲೆ ಬಸವರಾಜಣ್ಣ ಕಾರ್ಡನ್ನು ಆ ಕಡೆಯಿಂದ, ಈ ಕಡೆಯಿಂದ ಹಿಡಿದು ನೋಡಿದ.

"ಇದು ಕುಂದ್ರಂಗಿಲ್ಲೋ ಮಂಜ್ಯಾ. ಇದು ಹೊಸಾ ನಮೂನಿ. ನಿಮ್ಮ ಬೋರ್ಡಿನ ಸ್ಲಾಟ್ ಹಳೇದು."

ಮಂಜುವಿನ ಮುಖ ಸಣ್ಣದಾಯಿತು. ಅಂಗಡಿಯವನಿಗೆ ಬೋರ್ಡು ಯಾವುದೆಂದು ಹೇಳಬೇಕೆನ್ನುವುದೇ ಅವನಿಗೆ ಹೊಳೆದಿರಲಿಲ್ಲ. "ಡಬ್ಬ ಬಿಚ್ಚಿದೀನಿ, ವಾಪಸ್ ತಗೊಳ್ಳಲ್ಲ ಅಂದ್ರೆ ಏನ್ ಮಾಡ್ಲಿ?" ಎಂದು ಅಳುವುದೊಂದು ಬಾಕಿ.

ಅಪ್ಪ ಎದ್ದು ಷರ್ಟು ಹಾಕಿಕೊಂಡರು. "ಕೊಡು ಇಲ್ಲಿ, ನಾನ್ ಹೋಗ್ ಬರ್ತೀನಿ. ಪುಟ್ಟೀ, ನೀನೂ ಬಾ."

"ಆಟೋದಲ್ಲೇ ಹೋಗಿ" ಎಂದು ಅಮ್ಮ ಬಾಗಿಲವರೆಗೂ ಬಂದು ಹೇಳಿದಳು.

ಆಟೋದವರು ಎಸ್.ಪಿ. ರೋಡಿನ ಪಕ್ಕದ ಟೌನ್‌ಹಾಲ್ ಎಂದೊಡನೆ ತಲೆ ಅಲ್ಲಾಡಿಸಿ ಹೋಗುತ್ತಿದ್ದರು. ಬಿಸಿಲು ನೆತ್ತಿ ಸುಡುತ್ತಿತ್ತು. ಅಷ್ಟರಲ್ಲಿ ಮಾರ್ಕೆಟ್ಟಿನ ಬಸ್ಸು ಬಂದು ಸ್ಟಾಪಿನಲ್ಲಿ ನಿಂತಿತು. ಅಪ್ಪನ ಹಳೆಯ ರೂಟು. ಅಪ್ಪ ಬಸ್ಸನ್ನು ನೋಡಿದರು. ನಾನು ಅಪ್ಪನನ್ನು ನೋಡಿದೆ.

"ಹತ್ತು" ಎಂದರು.

ನಾನು ಮುಂದಿನ ಬಾಗಿಲಲ್ಲಿ, ಅಪ್ಪ ಹಿಂದಿನ ಬಾಗಿಲಲ್ಲಿ ಹತ್ತಿದೆವು. ಬಸ್ಸು ಹೊರಡುವ ಮುಂಚೆಯೇ ಡ್ರೈವರು ಕನ್ನಡಿಯಲ್ಲಿ ನೋಡಿ ಕೂಗಿದ.

"ಅಣ್ಣಾ! ಮುಂದೆ ಬನ್ನಿ ಅಣ್ಣಾ, ಹಿಂದೆ ಯಾಕ್ ನಿಂತ್ಕೊಂಡ್ರಿ?"

ಅವನ ಹೆಸರು ನಾಗೇಶ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಪ್ಪನ ಪಕ್ಕ ನಿಂತು ಈ ದಾರಿ ಕಲಿತವನಂತೆ. ಅಪ್ಪ ಹಿಂಜರಿಯುತ್ತಲೇ ಬಂದು ಎಂಜಿನ್ನಿನ ಪಕ್ಕದ ಸೀಟಿನಲ್ಲಿ ಕೂತರು. ನಾನು ಕಂಬಿ ಹಿಡಿದು ಅಲ್ಲೇ ನಿಂತೆ. ಡೀಸೆಲ್ಲಿನ ಬಿಸಿ ಗಾಳಿ, ಡ್ಯಾಶ್‌ಬೋರ್ಡಿನ ದೇವರಿಗೆ ಹಾಕಿದ್ದ ಬಾಡಿದ ಮಲ್ಲಿಗೆ, ಗಡಗಡ ಅಲುಗುವ ಗಾಜು. ಮೈಸೂರು ರಸ್ತೆಗೆ ಇಳಿಯುವವರೆಗೂ ಅಪ್ಪ ಕಿಟಕಿಯ ಹೊರಗೇ ನೋಡುತ್ತಿದ್ದರು. ಆದರೆ ಬಸ್ಸು ನಿಧಾನವಾದಾಗಲೆಲ್ಲ ಅವರ ಬಲಗಾಲು ನೆಲವನ್ನು ಮೆಲ್ಲಗೆ ಒತ್ತುತ್ತಿತ್ತು.

"ಎಲ್ಲಿಗಣ್ಣಾ ಹೊರಟಿದ್ದು?"

"ಇಲ್ಲೇ, ಎಸ್.ಪಿ. ರೋಡಿಗೆ. ಒಂದ್ ಸ್ಪೇರ್ ಬೇಕಿತ್ತು ಗಾಡಿಗೆ."

"ಗಾಡಿ ತಗೊಂಡ್ರಾ? ಯಾವ್ದು?"

ಅಪ್ಪ ಕೈಯಲ್ಲಿದ್ದ ಡಬ್ಬವನ್ನು ತಿರುಗಿಸಿ ನೋಡಿದರು. ನಾನು ಬಾಯಿ ಮುಚ್ಚಿಕೊಂಡಿರಬಹುದಿತ್ತು. "ಕಂಪ್ಯೂಟರಲ್ಲಿ ಅಂಕಲ್. ಅಪ್ಪ ದಿನಾ ಲಾರಿ ಓಡಿಸ್ತಾರೆ" ಎಂದುಬಿಟ್ಟೆ.

ಅಪ್ಪನ ಕಿವಿ ಕೆಂಪಾಯಿತು. ಇವನು ನಗುತ್ತಾನೆ, ನಾಳೆ ಡಿಪೋದಲ್ಲೆಲ್ಲ ಹೇಳುತ್ತಾನೆ ಎಂದು ನನಗೇ ಹೆದರಿಕೆಯಾಯಿತು. ನಾಗೇಶ ನಗಲಿಲ್ಲ. ಗೇರು ಬದಲಾಯಿಸಿ, ಮುಂದಿನ ಸೈಕಲ್ಲಿನವನಿಗೆ ದಾರಿ ಬಿಟ್ಟು, ಆಮೇಲೆ ಹೇಳಿದ:

"ನಮಗೂ ಒಂದಿನ ಅಷ್ಟೇ ಅಣ್ಣಾ ಗತಿ. ಸ್ಟೇರಿಂಗ್ ಬಿಟ್ಟು ಮನೇಲಿ ಕೂರಕ್ಕಾಗತ್ತಾ?" ಸ್ವಲ್ಪ ತಡೆದು, "ನೀವ್ ಬಂದು ಪಕ್ಕದಲ್ಲಿ ಕೂರಲ್ಲ ಅಂದ್ರಂತೆ. ಹೊಸ ಹುಡುಗ್ರು ಸಿರ್ಸಿ ಸರ್ಕಲ್ ಹತ್ರ ಒದ್ದಾಡ್ತಾವೆ ಕಣಣ್ಣಾ. ನಂಗೆ ಹೇಳ್ಕೊಟ್ಟಂಗೆ ಅವಕ್ಕೆ ಹೇಳ್ಕೊಡೋರಿಲ್ಲ."

ಅಪ್ಪ ಮತ್ತೆ ಕಿಟಕಿಯ ಕಡೆ ತಿರುಗಿದರು. ಆದರೆ ಸಿರ್ಸಿ ಸರ್ಕಲ್ ಬಂದಾಗ ತಡೆಯಲಾರದೆ, "ಎಡಕ್ಕೆ ಇನ್ನೊಂಚೂರು ಜಾಗ ಐತೆ, ಬಿಡು" ಎಂದರು. "ಅದೇ ನೋಡಿ!" ಎಂದು ನಾಗೇಶ ಜೋರಾಗಿ ನಕ್ಕ. ಅಪ್ಪನೂ ನಕ್ಕರು. ಎಷ್ಟೋ ತಿಂಗಳ ಮೇಲೆ ಕೇಳಿದ ನಗು ಅದು. ಕಂಬಿ ಹಿಡಿದಿದ್ದ ನನಗೆ ಯಾಕೋ ಅಳು ಬಂದಂತಾಯಿತು.

ಅಂಗಡಿಯವನು ಒಳ್ಳೆಯವನು. ಗೊಣಗಿದ, ಆದರೆ ಕಾರ್ಡು ವಾಪಸ್ಸು ತೆಗೆದುಕೊಂಡ. "ಈ ಹಳೇ ಸ್ಲಾಟಿಂದು ಈಗ ಬರೋದೇ ನಿಂತೋಯ್ತು ಸಾರ್" ಎನ್ನುತ್ತಾ ಏಣಿ ಹತ್ತಿ, ಮೇಲಿನ ಅಟ್ಟದಿಂದ ಮಾಸಿದ ಡಬ್ಬವೊಂದನ್ನು ಇಳಿಸಿ ಕೊಟ್ಟ. ಹಿಂದಿರುಗುವಾಗ ದರ್ಶಿನಿಯಲ್ಲಿ ನಿಂತು ಖಾರಾಬಾತ್ ತಿಂದೆವು. ಮನೆಗೂ ಬಸ್ಸಿನಲ್ಲೇ ಬಂದೆವು. ಅಮ್ಮನಿಗೆ ಅದನ್ನು ಮೊದಲು ಹೇಳಿದವಳು ನಾನೇ.

ಕಾರ್ಡು ಈ ಸಲ ಟಕ್ಕೆಂದು ಕೂತಿತು. ಸ್ವಿಚ್ಚು ಹಾಕಿದರೆ ಪರದೆ ಕಪ್ಪು. ಬಸವರಾಜಣ್ಣ ಹಿಂದೆ ಬಗ್ಗಿ ನೋಡಿ ಹಣೆ ಚಚ್ಚಿಕೊಂಡ. ಮಾನಿಟರಿನ ವೈರನ್ನು ಹಳೆಯ ಜಾಗಕ್ಕೇ ಸಿಕ್ಕಿಸಿದ್ದ. ಅದನ್ನು ಬದಲಾಯಿಸಿದೊಡನೆ ಬೆಳಕು ಬಂತು.

ಅದೇ ರಸ್ತೆ ಎಂದು ನಂಬಲಾಗಲಿಲ್ಲ. ಮೊದಲು ಬರೀ ಬೂದು ಮಬ್ಬಿದ್ದ ಕಡೆ ಈಗ ಬೆಟ್ಟದ ಸಾಲಿತ್ತು. ಮರಗಳಿಗೆ ನೆರಳಿತ್ತು. ಲಾರಿಯ ಕನ್ನಡಿಯಲ್ಲಿ ಹಿಂದಿನ ಗಾಡಿಗಳು ಕಾಣುತ್ತಿದ್ದವು. ಅಪ್ಪ ಊರೊಳಗೆ ಹೋದರು, ತಿರುವಿಗೆ ಮುಂಚೆ ನಿಧಾನ ಮಾಡಿದರು, ಲಾರಿ ಹೇಳಿದ ಕ್ಷಣಕ್ಕೆ ತಿರುಗಿತು. ಅಮ್ಮ ಕೈ ಒರೆಸಿಕೊಳ್ಳುತ್ತಾ ಬಂದು ಹಿಂದೆ ನಿಂತಳು.

"ಎಲ್ಲಿಗ್ ಹೊರಟ್ರಿ?"

"ಗೊತ್ತಿಲ್ಲ ಕಣೇ. ಕೂತ್ಕೋ, ನೋಡೋಣ."

ಅಮ್ಮ ಸ್ಟೂಲು ಎಳೆದುಕೊಂಡು ಕೂತಳು. "ಅಯ್ಯೋ, ಎದುರಿಗೆ ಬರ್ತಿದೆ ನೋಡ್ರೀ" ಎಂದು ಕೂಗುವವಳು ಅವಳೇ, "ಅಲ್ಲಿ ಟೀ ಅಂಗಡಿ ಇದ್ದಂಗಿದೆ, ನಿಲ್ಸಿ" ಎನ್ನುವವಳೂ ಅವಳೇ. ಮಂಜು ಮ್ಯಾಪು ನೋಡಿ ದಾರಿ ಹೇಳುತ್ತಿದ್ದ. ನಾನು ಹಾರ್ನ್ ಒತ್ತುವವಳು.

ಸ್ಕೂಲು ಶುರುವಾಗುವ ಹೊತ್ತಿಗೆ ಅಪ್ಪ ಹೊಸ ಡ್ರೈವರುಗಳ ಪಕ್ಕ ಕೂರಲು ಒಪ್ಪಿಕೊಂಡರು. ಬೆಳಿಗ್ಗೆ ಬೆನ್ನಿಗೆ ಬೆಲ್ಟು ಕಟ್ಟಿಕೊಂಡು ಹೋಗಿ, ಸಂಜೆ ಬಂದು ಊಟಕ್ಕೆ ಕೂತರೆ ಮತ್ತೆ ಕಥೆಗಳು. ಲಾರಿಯ ಆಟ ತಾನಾಗಿ ಕಡಿಮೆಯಾಯಿತು.

ಈಗ ಆ ಮನೆಯಿಲ್ಲ, ಅಲ್ಲಿ ನಾಲ್ಕು ಅಂತಸ್ತಿನ ಕಟ್ಟಡವೆದ್ದಿದೆ. ಬಸವರಾಜಣ್ಣ ಎಲ್ಲಿದ್ದಾನೋ ತಿಳಿಯದು. ಅಪ್ಪ ಹೋಗಿ ಕೆಲವು ವರ್ಷಗಳಾದವು. ಮಲ್ಲತ್ತಹಳ್ಳಿಯ ನಮ್ಮ ಫ್ಲ್ಯಾಟಿನಲ್ಲಿ ನನ್ನ ಮಗನಿಗೆ ಅವನದೇ ಕೋಣೆ, ಅವನದೇ ಕಂಪ್ಯೂಟರು. ಅದರ ಕಾರ್ಡೊಂದೇ ನಮ್ಮ ಆಗಿನ ಪೆಟ್ಟಿಗೆಯಷ್ಟು ಉದ್ದ. ಎಲೆಯ ಮೇಲಿನ ನೀರ ಹನಿಯೂ ಕಾಣುವಂಥ ಚಿತ್ರ. ಅವನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಯಾವ ಯಾವ ದೇಶದವರ ಜೊತೆಗೋ ಆಡುತ್ತಾನೆ, ಒಳ್ಳೆಯ ಹುಡುಗ, ಕರೆದರೆ ಬರುತ್ತಾನೆ. ಒಮ್ಮೊಮ್ಮೆ ಹಾಲಿನ ಲೋಟ ಇಡುವ ನೆಪದಲ್ಲಿ ಅವನ ಕುರ್ಚಿಯ ಹಿಂದೆ ನಿಲ್ಲುತ್ತೇನೆ. ಪರದೆಯ ಮೇಲಿನ ರಸ್ತೆ ಬಹಳ ಚೆನ್ನಾಗಿರುತ್ತದೆ. ಎಲ್ಲಿಗೆ ಹೊರಟೆ ಎಂದು ಕೇಳಬೇಕೆನಿಸುತ್ತದೆ. ಅವನಿಗೆ ಕೇಳಿಸುವುದಿಲ್ಲ. ಆ ಕೋಣೆಯಲ್ಲಿ ಇನ್ನೊಂದು ಕುರ್ಚಿಯೂ ಇಲ್ಲ.