ದವಡೆಯೊಳಗಿನ ಆಸರೆ

ತಾರಸಿಗೆ ಕಾಂಕ್ರೀಟು ಸುರಿಯುವ ಮುನ್ನ ಅಡಿಯಲ್ಲಿ ಹಲಗೆ ಹೊಂದಿಸಿ, ಕಂಬ ಕೊಟ್ಟು ನಿಲ್ಲಿಸುವುದು, ಅದು ಗಟ್ಟಿಯಾದ ಮೇಲೆ ಎಲ್ಲವನ್ನೂ ಬಿಚ್ಚಿಕೊಂಡು ಹೋಗುವುದು ಸೆಂಟ್ರಿಂಗ್ ಮೇಸ್ತ್ರಿಯ ಕಸುಬು. ಕಟ್ಟಿಸಿದವರ ಹೆಸರು ಗೋಡೆಯ ಮೇಲೆ ಉಳಿಯುತ್ತದೆ, ಇವನದೇನೂ ಉಳಿಯುವುದಿಲ್ಲ. ಅದಕ್ಕೆ ನಮ್ಮ ಈ ಮೇಸ್ತ್ರಿಗೇನೂ ಬೇಸರವಿರಲಿಲ್ಲ ಬಿಡಿ. ಬೇಗ ಬಿಚ್ಚಯ್ಯಾ ಎಂದು ಮನೆ ಯಜಮಾನರು ಎಷ್ಟೇ ಹಾರಾಡಲಿ, ತಡೀರಿ ಎನ್ನುವುದೊಂದೇ ಉತ್ತರ. ಜೊತೆ ಕೆಲಸದವರು ಅವನಿಗೆ ತಡೀರಿ ಮೇಸ್ತ್ರಿ ಎಂದೇ ಹೆಸರಿಟ್ಟಿದ್ದರು. ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ಅವನಷ್ಟು ಗಟ್ಟಿಯಾಗಿ ನಂಬಿದವರು ಇನ್ನೊಬ್ಬರಿರಲಿಕ್ಕಿಲ್ಲ.

ಅಂಥವನ ದವಡೆ ಮುರಿದದ್ದು ಆಸರೆ ಬಿಚ್ಚುವಾಗಲೇ. ತಾರಸಿಗೇನೂ ಆಗಲಿಲ್ಲ, ಕಳಚಿದ ಕಂಬವೊಂದು ವಾಲಿ ಇವನ ಕೆಳದವಡೆಗೆ ಬಡಿಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮುರಿದ ತುದಿಗಳನ್ನು ಕೂಡಿಸಿ, ಸಣ್ಣ ಪಟ್ಟಿಯೊಂದನ್ನು ಸ್ಕ್ರೂ ಹಾಕಿ ಬಿಗಿದರು. ಪಟ್ಟಿಯೂ ಸ್ಕ್ರೂಗಳೂ ಲೋಹದವಲ್ಲ, ಮೈಯೊಳಗೇ ಕರಗಿಹೋಗುವಂಥವು ಎಂದರು. ಮೇಸ್ತ್ರಿಗೆ ನೋವು ಒಂದು ಕಡೆ, ಕುತೂಹಲ ಒಂದು ಕಡೆ. ನಾಲಿಗೆ ಹೊರಳುವ ಹಾಗಾದ ಮೊದಲ ದಿನವೇ ಅವನು ಹಲ್ಲಿನ ಸಂದಿಯಿಂದ ಕೇಳಿದ್ದು, ಅದು ಕರಗಿ ಎಲ್ಲಿಗೆ ಹೋಗುತ್ತದೆ ಎಂದು. ನೀರು ಕುಡಿದು ಸಡಿಲವಾಗುತ್ತದೆ, ಆಮೇಲೆ ಪುಡಿಯಾಗುತ್ತದೆ, ಕೊನೆಗೆ ನೀರೂ ಗಾಳಿಯೂ ಆಗಿ ನಿಮ್ಮ ಉಸಿರಿನಲ್ಲೇ ಹೊರಟುಹೋಗುತ್ತದೆ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಮನೆಗೆ ಬಂದವನು ಕಿಟಕಿಯ ಗಾಜಿಗೆ ಉಸಿರು ಬಿಟ್ಟು, ಕವಿದ ಮಂಜನ್ನು ಬೆರಳಿನಿಂದ ಒರೆಸಿ ಮೂಸಿ ನೋಡಿದ. ಪೆಟ್ಟು ತಲೆಗೂ ಬಿದ್ದಿದೆಯೋ ಏನೋ ಅಂದುಕೊಂಡಳು ಹೆಂಡತಿ.

ಕುತೂಹಲದ ಬೆನ್ನಿಗೇ ಭಯವೂ ಬಂತು. ತಾರಸಿಯಾದರೆ ತಟ್ಟಿ ನೋಡಿ, ಒಂದೊಂದೇ ಕಂಬ ತೆಗೆಯಬಹುದು. ಇಲ್ಲಿ ಆಸರೆ ಯಾರನ್ನೂ ಕೇಳದೆ ತಾನಾಗಿ ಜಾರಿಕೊಳ್ಳುತ್ತದಂತೆ! ಮೂಳೆ ಕೂಡಿದೆಯೋ ಇಲ್ಲವೋ ಅದಕ್ಕೆ ಹೇಳುವವರು ಯಾರು? ಇನ್ನು ಮೆಲ್ಲಗೆ ಅಗಿಯಲು ಶುರುಮಾಡಿ ಎಂದು ಡಾಕ್ಟರಮ್ಮ ಹೇಳಿದರೂ ಮೇಸ್ತ್ರಿ ಹಲ್ಲು ಕದಲಿಸಲಿಲ್ಲ. ಹೆಂಡತಿ ಎಲ್ಲವನ್ನೂ ರುಬ್ಬಿ ಕೊಡುತ್ತಿದ್ದಳು, ಅವನು ಬಟ್ಟಲೆತ್ತಿ ಕುಡಿಯುತ್ತಿದ್ದ. ಬೇರೆಯವರು ಅಗಿಯುವುದನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು. ಹಾಗಾಗಿ ಅವಳು ತಟ್ಟೆ ಹಾಕಿಕೊಳ್ಳುವ ಹೊತ್ತಿಗೆ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದ. ತಿಂಗಳುಗಳು ಹೀಗೇ ಕಳೆದವು. ಬಾಯಿ ಬಿಗಿಯುತ್ತಾ ಬಂದು ಚಮಚ ತೂರಿಸುವುದೂ ಕಷ್ಟವಾಯಿತು. ಎಚ್ಚರಿಕೆಯೂ ಅತಿಯಾಗಬಾರದು ನೋಡಿ.

ಕೊನೆಗೆ ಹೆಂಡತಿ ಪಟ್ಟುಹಿಡಿದು ಆಸ್ಪತ್ರೆಗೆ ಎಳೆದೊಯ್ದಳು. ಡಾಕ್ಟರಮ್ಮನಿಗೆ ಸಿಟ್ಟೇ ಬಂತು. ಕೆಲಸ ಕೊಡದಿದ್ದರೆ ಮೂಳೆ ಸೊರಗುತ್ತದೆ, ಇನ್ನೂ ಹೀಗೇ ಬಿಟ್ಟರೆ ಕೀಲು ಹಿಡಿದುಕೊಂಡು ಈ ಜನ್ಮದಲ್ಲಿ ಬಾಯಿ ಪೂರ್ತಿ ತೆರೆಯಲಾಗುವುದಿಲ್ಲ ಎಂದರು. ಅಗಿದಾಗ ಪಟ್ಟಿ ಬಿಟ್ಟುಬಿಟ್ಟರೇನು ಗತಿ ಎಂದು ಮೇಸ್ತ್ರಿ ಗೊಣಗಿದ. ಅವರು ಸ್ಕ್ಯಾನ್ ಮಾಡಿಸಿ, ಚಿತ್ರವನ್ನು ಅವನ ಮುಂದಿಟ್ಟರು.

"ಪಟ್ಟಿ ಯಾವತ್ತೋ ಕೈ ಬಿಟ್ಟಿದೆ ಮೇಸ್ತ್ರಿ. ಚೂರುಪಾರು ಉಳಿದಿದೆ ಅಷ್ಟೇ, ಅದರಲ್ಲಿ ಬಲ ಇಲ್ಲ. ಇಷ್ಟು ದಿನ ದವಡೆನ ಹೊತ್ಕೊಂಡಿರೋದು ನಿಮ್ಮ ಮೂಳೆನೇ."

ಮೇಸ್ತ್ರಿ ಚಿತ್ರದ ಮೇಲೆ ಬಗ್ಗಿದ. ಮುರಿದಿದ್ದ ಜಾಗ ಹುಡುಕಿದ, ಸಿಗಲಿಲ್ಲ. ಆಸರೆ ಹೋದದ್ದು ಯಾವಾಗ? ಮಲಗಿದ್ದಾಗಲೋ, ಬಟ್ಟಲು ಎತ್ತುವಾಗಲೋ? ಸದ್ದಿಲ್ಲದೆ ಇಷ್ಟು ನಾಜೂಕಾಗಿ ಬಿಚ್ಚಿದ್ದನ್ನು ಅವನು ಜೀವಮಾನದಲ್ಲಿ ಕಂಡಿರಲಿಲ್ಲ. ಬೆರಗೂ ನಾಚಿಕೆಯೂ ಒಟ್ಟಿಗೇ ಆದವು.

ಅಂದು ಮಧ್ಯಾಹ್ನ ಹೆಂಡತಿ ರುಬ್ಬಲು ಎದ್ದಾಗ ಬೇಡವೆಂದು ಕೈ ಹಿಡಿದು ಕೂರಿಸಿದ. ಅವಳು ತನಗೆ ತಟ್ಟೆ ಹಾಕಿಕೊಂಡ ಮೇಲೆ, ಅದರಿಂದ ಮೆತ್ತನೆಯ ಬ್ರೆಡ್ಡಿನ ಚೂರೊಂದನ್ನು ಮುರಿದು, ಬಾಯಿ ತೆರೆದಷ್ಟರಲ್ಲೇ ತುರುಕಿಕೊಂಡ. ಅಗಿದರೆ ಕಿವಿಯವರೆಗೂ ನೋವು. ಆದರೂ ಅಗಿದ, ನುಂಗಿದ, ಇನ್ನೊಂದು ಚೂರಿಗೆ ಕೈಚಾಚಿದ. ಹೆಂಡತಿ ಕೈಯಲ್ಲಿದ್ದ ತುತ್ತು ಮರೆತು ಅವನನ್ನೇ ನೋಡುತ್ತಿದ್ದಳು, ಕಣ್ಣು ತುಂಬಿ ಬಂದಿತ್ತು.

"ಎದ್ದು ಹೋಗ್ಬೇಡಿ," ಅಂದಳು. "ದಿನಾ ಒಬ್ಬಳೇ ಕೂತು ತಿಂದೂ ತಿಂದೂ, ನಂಗೆ ಊಟನೇ ಸೇರ್ತಿರ್ಲಿಲ್ಲ ರೀ."

ಇಷ್ಟು ದಿನ ಅದು ಅವನ ತಲೆಗೇ ಹೊಳೆದಿರಲಿಲ್ಲ. ಚಕ್ಕಳಮಕ್ಕಳ ಹಾಕಿ ಸರಿಯಾಗಿ ಕೂತು, ತಟ್ಟೆಯನ್ನು ಇಬ್ಬರ ನಡುವೆ ಎಳೆದುಕೊಂಡ.