ಕರೆಯದೆ ಒಳಬಾರದ ಪಿಶಾಚಿ

ಜಪಾನಿನ ಗ್ಯೋಟೋಕು ಊರಿನ ರಕ್ತಪಿಶಾಚಿ ಅಭಿಮಾನಿಗಳ ಸಂಘದಲ್ಲಿ ಇಬ್ಬರೇ ಸದಸ್ಯರು: ಅಧ್ಯಕ್ಷ ರಘುನಂದನ್, ಮತ್ತು ಅವರನ್ನು ನೋಡಿ ನಗಲೆಂದು ಹೋಗಿ ಸಿಕ್ಕಿಬಿದ್ದ ನಾನು. ಭಾನುವಾರ ಮಧ್ಯಾಹ್ನ ರಘುನಂದನ್ ತಮ್ಮ ಮನೆಯ ಕಿಟಕಿಯ ಪರದೆ ಎಳೆದು, ಬಾಯಿಪಾಠವಾಗಿರುವ ಹಳೆಯ ಕಪ್ಪು-ಬಿಳುಪು ಪಿಶಾಚಿ ಧಾರಾವಾಹಿಯನ್ನು ಮತ್ತೆ ಹಾಕುತ್ತಾರೆ. ಅದರಲ್ಲಿ ಬಾಗಿಲು ಮುಚ್ಚಿದರೆ ಅರಮನೆಯ ಗೋಡೆಯೇ ಅಲ್ಲಾಡುತ್ತದೆ. "ನೋಡಿ ಸಾರ್, ಈಗ ಮೇಲೆ ಶೂಟಿಂಗ್ ಮೈಕ್ ಕಾಣುತ್ತೆ!" ಎಂದು ದೇವರ ದರ್ಶನವಾದಂತೆ ಎದ್ದು ನಿಲ್ಲುತ್ತಾರೆ. ಪಿಶಾಚಿಗೆ ಆಗುವುದಿಲ್ಲವೆಂದು ಅಂದು ಸಾರಿಗೆ ಬೆಳ್ಳುಳ್ಳಿ ಒಗ್ಗರಣೆಯಿಲ್ಲ. "ಅಪ್ಪಾ, ಇಟ್ಸ್ ಸೋ ಫೇಕ್" ಎನ್ನುವ ಮಗಳು ವರ್ಷಿಣಿಗೆ, "ಸುಮ್ನಿರೇ, ಅವನ ಕಷ್ಟ ಅವನಿಗೆ" ಎಂದು ಗದರುತ್ತಾರೆ. ನಾನು ಗಂಭೀರವಾಗಿ ತಲೆಯಾಡಿಸುತ್ತೇನೆ. ಈಗೀಗ ನನ್ನ ಮನೆಯಲ್ಲೂ ಭಾನುವಾರ ಬೆಳ್ಳುಳ್ಳಿ ನಿಂತಿದೆ. ಒಳಗಿನವರು ಕರೆಯದೆ ಈ ಪಿಶಾಚಿ ಯಾವ ಮನೆಯ ಹೊಸ್ತಿಲನ್ನೂ ದಾಟುವಂತಿಲ್ಲ. ಟೋಪಿ ಕೈಯಲ್ಲಿ ಹಿಡಿದು, ದೀಪ ಉರಿಯುವ ಮನೆಯೆದುರು ಅವನು ನಿಂತರೆ ರಘುನಂದನ್ ಕಾಫಿ ಮರೆಯುತ್ತಾರೆ. ಪ್ರತಿ ದೀಪಾವಳಿಗೂ ಅವರು ಪಕ್ಕದ ಮನೆಯ ಮೋರಿತಾ ಸಾನ್‌ಗೆ ಮೈಸೂರ್ ಪಾಕ್ ಒಯ್ಯುತ್ತಾರೆ. ಆಕೆ ಸೊಂಟ ಬಾಗಿಸಿ, ಬಾಯ್ತುಂಬ ಅರಿಗಾತೋ ಎಂದು ಧನ್ಯವಾದ ಹೇಳಿ, ಬಾಗಿಲಿಂದಲೇ ಕಳಿಸುತ್ತಾರೆ. ಭಾನುವಾರ ಪಿಶಾಚಿ ಮತ್ತೆ ಹೊಸ್ತಿಲಾಚೆ ನಿಂತಾಗ, ಟೀವಿಯ ಕಡೆ ಬಾಗಿ ರಘುನಂದನ್ ಮೆಲ್ಲಗೆ, "ಒಳಗೆ ಬಾರಪ್ಪಾ" ಎನ್ನುತ್ತಾರೆ.